ಪಂದ್ಯ ಎಂಬ ಪದದ ಎರಡು ಪುಟಗಳು

ಕನ್ನಡ ದಿನಪತ್ರಿಕೆಯ ಕ್ರೀಡಾಪುಟದಲ್ಲಿ ‘ಇಂದು ನಿರ್ಣಾಯಕ ಪಂದ್ಯ’ ಎಂಬ ತಲೆಬರಹ ಇರುತ್ತದೆ. ಅದೇ ಪತ್ರಿಕೆಯ ಜಿಲ್ಲಾಪುಟದ ಮೂಲೆಯಲ್ಲಿ ‘ಕೋಳಿ ಪಂದ್ಯ: ಆರು ಮಂದಿ ಬಂಧನ’ ಎಂದಿರುತ್ತದೆ. ಪದ ಒಂದೇ. ಒಂದು ಪುಟದಲ್ಲಿ ಅದು ಮೈದಾನದಲ್ಲಿದೆ, ಇನ್ನೊಂದರಲ್ಲಿ ಠಾಣೆಯಲ್ಲಿ. ಬೆಳಗಿನ ಕಾಫಿ ಕುಡಿಯುತ್ತ ಎರಡನ್ನೂ ಓದುವ ನಮಗೆ ಇದು ವಿಚಿತ್ರ ಅನಿಸುವುದೇ ಇಲ್ಲ.

ಇಂಗ್ಲಿಷಿನ ‘ಮ್ಯಾಚ್’ಗೆ ನಾವು ‘ಪಂದ್ಯ’ ಎನ್ನುತ್ತೇವೆ. ಆದರೆ ‘ಪಂದ್ಯ ಕಟ್ಟು’ ಎಂದರೆ ಈಗಲೂ ಪಣ ಕಟ್ಟುವುದೇ. ತೆಲುಗಿನ ‘ಪಂದೆಂ’, ತಮಿಳಿನ ‘ಪಂದಯಂ’ ಇದರ ಒಡಹುಟ್ಟುಗಳು. ಅಲ್ಲಿ ಆ ಪದಗಳು ಬಾಜಿಯನ್ನೋ ಓಟದ ಸ್ಪರ್ಧೆಯನ್ನೋ ಹೇಳುತ್ತ ಉಳಿದವು. ಕ್ರಿಕೆಟ್ಟಿಗೆ ತಮಿಳು ಪತ್ರಿಕೆಗಳು ‘ಪೋಟ್ಟಿ’ಯನ್ನು, ತೆಲುಗಿನವರು ‘ಮ್ಯಾಚ್’ ಅನ್ನೇ ಹಿಡಿದರು. ಕನ್ನಡ ಮಾತ್ರ ಜೂಜಿನ ಪದಕ್ಕೇ ಬಿಳಿ ಅಂಗಿ ತೊಡಿಸಿ ಮೈದಾನಕ್ಕೆ ಇಳಿಸಿತು. ಆಮೇಲೆ ಅದರಿಂದ ಒಂದು ಕುಟುಂಬವೇ ಬೆಳೆಯಿತು: ಪಂದ್ಯಾವಳಿ, ಪಂದ್ಯಶ್ರೇಷ್ಠ, ಕರಾವಳಿಯ ಫ್ಲೆಕ್ಸುಗಳಲ್ಲಿ ಕಾಣುವ ‘ಹೊನಲು ಬೆಳಕಿನ ಕಬಡ್ಡಿ ಪಂದ್ಯಾಟ’. ‘ಸೌಹಾರ್ದ ಪಂದ್ಯ’ ಎಂಬುದಂತೂ ಹಳೆಯ ಅರ್ಥದಲ್ಲಿ ಓದಿದರೆ ನಗು ಬರಿಸುತ್ತದೆ.

ಬೆಳಗಾವಿ, ಬಾಗಲಕೋಟೆಯ ಕಡೆ ಎತ್ತಿನ ಗಾಡಿ ಓಟಕ್ಕೆ ‘ಶರ್ಯತ್ತು’ ಎನ್ನುತ್ತಾರೆ. ಮರಾಠಿಯಿಂದ ಬಂದ ಈ ಪದದ ಬೇರು ಅರಬ್ಬಿಯ ‘ಶರ್ತ್’. ನಮ್ಮ ‘ಷರತ್ತು’ ಅದೇ ಬೇರಿನದು. ಓಟವೂ ಕರಾರೂ ಒಂದೇ ಮನೆಯವು. ಇದು ಆಕಸ್ಮಿಕವೆಂದು ನನಗನ್ನಿಸುವುದಿಲ್ಲ. ಭಾರತದ ಕಥೆಯಲ್ಲೇ ನೋಡಿ: ಮೊದಲ ಜೂಜಿನಲ್ಲಿ ಧರ್ಮರಾಯ ಒಡ್ಡಿದ್ದು ಸಂಪತ್ತು, ತಮ್ಮಂದಿರು, ತಾನು, ಕೊನೆಗೆ ದ್ರೌಪದಿ. ಎರಡನೆಯ ಸಲ ಕುಳಿತಾಗ ಒಡ್ಡಿದ್ದು 12 ವರ್ಷದ ವನವಾಸ, 1 ವರ್ಷದ ಅಜ್ಞಾತವಾಸ. ಅಲ್ಲಿ ಪಣವೇ ಷರತ್ತಾಗಿ ಬದಲಾಗಿದೆ. ಸೋತವನು ಏನನ್ನು ಕಳೆದುಕೊಳ್ಳುತ್ತಾನೆ ಎನ್ನುವುದಕ್ಕಿಂತ ಹೇಗೆ ಬದುಕಬೇಕಾಗುತ್ತದೆ ಎಂಬುದು ಮುಖ್ಯವಾಗುತ್ತದೆ.

ನನ್ನ ತಕರಾರು ಇರುವುದು ಇತ್ತೀಚಿನ ಬಳಕೆಯ ಬಗ್ಗೆ. ಪಂದ್ಯದಿಂದ ಪಣವನ್ನು ಬೇರ್ಪಡಿಸಿ ಅದಕ್ಕೆ ‘ಬೆಟ್ಟಿಂಗ್’ ಎಂದು ಹೆಸರಿಟ್ಟಿದ್ದೇವೆ, ‘ದಂಧೆ’ ಎಂಬ ಬಾಲವನ್ನೂ ಅಂಟಿಸಿದ್ದೇವೆ. ಕೊಳೆಯೆಲ್ಲ ಇಂಗ್ಲಿಷ್ ಪದಕ್ಕೆ, ಮಡಿಯೆಲ್ಲ ಕನ್ನಡ ಪದಕ್ಕೆ. ಹೀಗಾಗಿ ಹೊಲ ಮಾರಿ ಸಾಲ ತೀರಿಸಿದವನ ಸುದ್ದಿ ಬಂದಾಗ, ಆಟಕ್ಕೆ ಎಲ್ಲಿಂದಲೋ ತಗುಲಿದ ರೋಗವೆಂಬಂತೆ ಬರೆಯುತ್ತೇವೆ. 2025ರ ಆಗಸ್ಟ್‌ನಲ್ಲಿ, ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಮಸೂದೆಯನ್ನು ಸಂಸತ್ತು ಅಂಗೀಕರಿಸಿತು. ಅದರ ಬೆನ್ನಿಗೇ ಭಾರತ ಕ್ರಿಕೆಟ್ ತಂಡದ ಅಂಗಿಯ ಮೇಲಿದ್ದ ಪ್ರಾಯೋಜಕ ಕಂಪನಿಯ ಹೆಸರು ಕಳಚಿತು. ಅಷ್ಟು ದಿನ ಅದು ಆಟಗಾರರ ಎದೆಯ ಮೇಲೇ ಇತ್ತು, ಹೊರಗಲ್ಲ.

ಪದದ ಮೂಲವೇ ಅದರ ಹಣೆಬರಹ ಎಂದು ನಾನು ವಾದಿಸುತ್ತಿಲ್ಲ. ಹಾಗೆ ವಾದಿಸುವ ಭಾಷಾಪ್ರೇಮಿಗಳ ಜೊತೆ ಕೂರುವುದು ನನಗೂ ಕಷ್ಟ. ಆದರೆ ಊರಿನ ಟೆನಿಸ್ ಬಾಲ್ ಪಂದ್ಯಾವಳಿಯನ್ನು ಗಮನಿಸಿ. ತಂಡಗಳು ಪ್ರವೇಶ ಶುಲ್ಕ ಕಟ್ಟುತ್ತವೆ, ಎಷ್ಟೋ ಕಡೆ ಆ ಹಣದಿಂದಲೇ ಬಹುಮಾನ. ಎಲ್ಲರೂ ಹಾಕಿದ್ದನ್ನು ಗೆದ್ದವರು ಒಯ್ಯುತ್ತಾರೆ. ಅದನ್ನು ಯಾರೂ ಜೂಜು ಎನ್ನುವುದಿಲ್ಲ, ಎನ್ನಬೇಕಾಗಿಯೂ ಇಲ್ಲ. ಅಲ್ಲಿ ಪಣ ಒಡ್ಡುವವನೂ ಆಡುವವನೂ ಒಬ್ಬನೇ. ಬೆಂಗಳೂರಿನ ಗಲ್ಲಿ ಹುಡುಗರು ಇದನ್ನೇ ಮುಚ್ಚುಮರೆಯಿಲ್ಲದೆ ‘ಬೆಟ್ ಮ್ಯಾಚ್’ ಎನ್ನುತ್ತಾರೆ. ಕನ್ನಡಕ್ಕೆ ತಂದರೆ ‘ಪಂದ್ಯದ ಪಂದ್ಯ’ ಎನ್ನಬೇಕಾದೀತು.

ಸರಣಿ ಆಗಲೇ ನಿರ್ಧಾರವಾದ ಮೇಲೆ ಉಳಿಯುವ ಆಟಕ್ಕೆ ಪತ್ರಿಕೆಗಳು ‘ಔಪಚಾರಿಕ ಪಂದ್ಯ’ ಎಂದು ಬರೆಯುತ್ತವೆ. ಪಣವಿಲ್ಲದ ಪಂದ್ಯ ಪೂರ್ತಿ ಪಂದ್ಯವಲ್ಲ ಎಂಬ ಹಳೆಯ ಅರ್ಥ ಆ ವಿಶೇಷಣದಲ್ಲಿ ಇನ್ನೂ ಉಸಿರಾಡುತ್ತಿದೆ. ಮೈದಾನದಲ್ಲಿರುವ ಇಪ್ಪತ್ತೆರಡು ಜನರಿಗೆ ಅಂದು ಒಡ್ಡಲು ಏನೂ ಇರುವುದಿಲ್ಲ. ಮೊಬೈಲ್ ಹಿಡಿದು ಕೂತವನಿಗೆ ಮಾತ್ರ ಅಂದೂ ಎಂದಿನ ದಿನವೇ.