ಅಕ್ಷರವಿಲ್ಲದ ಕಲ್ಲುಗಳನ್ನು ಓದುವ ಬಗೆ

ಹಾಸನದಿಂದ ಹೊಳೆನರಸೀಪುರದ ಕಡೆಗೋ ಅರಕಲಗೂಡಿನ ಕಡೆಗೋ ಹೊರಟವರು ದಾರಿಬಿಟ್ಟು ಹಳೆಯ ಹಳ್ಳಿಯೊಂದನ್ನು ಹೊಕ್ಕರೆ, ಊರ ಮುಂದೆ ನೆಟ್ಟ ಒಂದು ಒಂಟಿ ಕಲ್ಲನ್ನು ಕಾಣುವುದುಂಟು. ಅದರ ಮೇಲೆ ಶಿಲ್ಪವಿಲ್ಲ, ಅಕ್ಷರವಿಲ್ಲ. ಉಳಿ ಸೋಕಿದ ಗುರುತೂ ಇಲ್ಲ. ಒಂದಿಷ್ಟು ಅರಿಸಿನ ಕುಂಕುಮ ಇದ್ದರೆ ಇದ್ದೀತು. ಇದೇನೆಂದು ಕೇಳಿದರೆ ‘ಕರುವುಗಲ್ಲು’ ಎನ್ನುತ್ತಾರೆ. ಕೆಲವೆಡೆ ಕರುಗಲ್ಲು, ಕರಗಲ್ಲು. ನೆಟ್ಟವರು ಯಾರು? ಊರು ಕಟ್ಟಿದವರು. ಯಾವಾಗ? ಊರು ಕಟ್ಟಿದಾಗ. ಪೇಟೆಯಿಂದ ಹೋದವರಿಗೆ ಇದು ಉತ್ತರವೇ ಅಲ್ಲವೆನ್ನಿಸಬಹುದು. ಆದರೆ ಇಂಥ ಕಲ್ಲುಗಳ ಬಗ್ಗೆ ನಮ್ಮ ಸ್ಥಳಚರಿತ್ರೆಗಳಲ್ಲಿ ಅಚ್ಚಾಗಿರುವ ಅನೇಕ ಪುಟಗಳಿಗಿಂತ ಇದರಲ್ಲಿ ಹೆಚ್ಚು ಎಚ್ಚರವಿದೆ ಎಂದು ನನ್ನ ಅಭಿಪ್ರಾಯ.

ನಮ್ಮ ಜಿಲ್ಲೆಗೆ ಕಲ್ಲಿನ ವಿಷಯದಲ್ಲಿ ಒಂದು ಹೆಮ್ಮೆ ಇದೆ. ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ವೀರಭದ್ರನ ಗುಡಿಯ ಮುಂದೆ ನಿಂತಿದ್ದ ಕಲ್ಲನ್ನು ಮೈಸೂರು ಪ್ರಾಕ್ತನ ಇಲಾಖೆಯ ಡಾ. ಎಂ. ಎಚ್. ಕೃಷ್ಣ ಅವರು 1936ರಲ್ಲಿ ಬೆಳಕಿಗೆ ತಂದರು. ಅದರ ಮೇಲೆ ಅಕ್ಷರವಿತ್ತು; ಯುದ್ಧದಲ್ಲಿ ಪರಾಕ್ರಮ ತೋರಿದ ವಿಜಅರಸನೆಂಬವನಿಗೆ ಪಲ್ಮಿಡಿ, ಮೂಳಿವಳ್ಳಿ ಎಂಬ ಊರುಗಳನ್ನು ಕೊಟ್ಟ ಸಂಗತಿ ಇತ್ತು. ಆದ್ದರಿಂದ ಅದಕ್ಕೆ ಸರ್ಕಾರದ ರಕ್ಷಣೆ ದೊರೆಯಿತು; ಊರಿನಲ್ಲಿ ಪ್ರತಿಕೃತಿಯೂ ಅದಕ್ಕೊಂದು ಮಂಟಪವೂ ಎದ್ದವು. ಅಷ್ಟಾದರೂ ಅದರ ಕಾಲದ ಚರ್ಚೆ ಮುಗಿದಿಲ್ಲ. ಶಾಸನದಲ್ಲಿ ಶಕವರ್ಷವಿಲ್ಲ; ಸು. 450 ಎಂಬುದು ರೂಢಿಯ ಮಾತು. 500ರ ಆಚೆಗೆ ತಳ್ಳುವವರೂ ಇದ್ದಾರೆ. ಈಚೆಗೆ ತಾಳಗುಂದದ ಉತ್ಖನನದಲ್ಲಿ ಸಿಕ್ಕ ಸಿಂಹಕಟಾಂಜನದ ಶಾಸನವನ್ನು ಸು. 370ಕ್ಕೆ ಸೇರಿಸಿ, ‘ಮೊದಲನೆಯದು’ ಎಂಬ ಪಟ್ಟವನ್ನೂ ಹಲ್ಮಿಡಿಯಿಂದ ಕೆಳಗಿಳಿಸಿದ್ದಾರೆ. ನಮಗೆ ಸ್ವಲ್ಪ ಬೇಸರವಾಗಿದ್ದರೆ ಅದು ಸಹಜ. ಆದರೆ ಆ ವಾದಕ್ಕೆ ಒಂದು ಕಟ್ಟುಪಾಡಿದೆ. ಲಿಪಿಯ ಆಕಾರ, ವಿಭಕ್ತಿಯ ರೂಪ, ದೊರೆಯ ಹೆಸರು ಇವುಗಳಿಗೆ ಒಪ್ಪದ ಮಾತನ್ನು ಅಲ್ಲಿ ಆಡುವಂತಿಲ್ಲ. ಅಕ್ಷರವಿಲ್ಲದ ಕಲ್ಲಿನ ಮುಂದೆ ನಿಂತೊಡನೆ ನಾವೆಲ್ಲರೂ ಸ್ವತಂತ್ರರಾಗಿಬಿಡುತ್ತೇವೆ.

ಈ ಸ್ವಾತಂತ್ರ್ಯದ ಪ್ರಸಿದ್ಧ ಫಲವೆಂದರೆ ‘ಮೋರ್ಯರ ಮನೆ’. ಚಪ್ಪಡಿಗಳನ್ನು ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿದ ಶಿಲಾಸಮಾಧಿಗಳಿಗೆ ನಮ್ಮ ನಾಡಿನ ಎಷ್ಟೋ ಕಡೆ ಈ ಹೆಸರಿದೆ. ಮೋರ್ಯರು ಗಿಡ್ಡ ಜನರೆಂದೂ ಈ ಪುಟ್ಟ ಮನೆಗಳಲ್ಲಿ ಬಾಳಿದರೆಂದೂ ಹಳ್ಳಿಗರ ಕಥೆ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಂತೂ ಒಂದು ಸ್ವಾರಸ್ಯವಿದೆ. ಅಲ್ಲಿ ಇಂಥ ಸಮಾಧಿಗಳೂ ಇವೆ, ಸನಿಹದಲ್ಲೇ ಬಿ. ಎಲ್. ರೈಸ್ ಅವರು 1892ರಲ್ಲಿ ಕಂಡ ಅಶೋಕನ ಶಾಸನವೂ ಇದೆ. ಮೌರ್ಯ ಚಕ್ರವರ್ತಿಯ ಬರಹ ಒಂದು ಕಡೆ, ಮೋರ್ಯರ ಮನೆ ಇನ್ನೊಂದು ಕಡೆ, ಇನ್ನೇನು ಬೇಕು? 1947ರಲ್ಲಿ ಅಲ್ಲಿ ಅಗೆಸಿದ ಮಾರ್ಟಿಮರ್ ವೀಲರ್ ಅವರು ಸಮಾಧಿಗಳ ಆರಂಭವನ್ನು ಕ್ರಿ. ಪೂ. 200ರ ಸುಮಾರಿಗೆ ಇಟ್ಟಾಗ, ಅಶೋಕನಿಗೂ ಅವಕ್ಕೂ ನಡುವೆ ಕೆಲವೇ ದಶಕಗಳ ಅಂತರ ಉಳಿದು, ಹೆಸರಿನ ಸಾಕ್ಷ್ಯಕ್ಕೆ ಇನ್ನಷ್ಟು ಬಲ ಬಂದಂತಾಯಿತು.

ಆದರೆ ಕಾಲ ನಿಲ್ಲಲಿಲ್ಲ. ಹಾವೇರಿ ಸೀಮೆಯ ಹಳ್ಳೂರಿನಲ್ಲಿ ಕಬ್ಬಿಣದ ಬಳಕೆ ಕ್ರಿ. ಪೂ. 1000ದ ಸುಮಾರಿಗೆ ಹೋಯಿತು. ಅದರೊಂದಿಗೆ ಕಲ್ಲು ನೆಟ್ಟು ಸತ್ತವರನ್ನು ನೆನೆಯುವ ಪದ್ಧತಿಯೂ ಚಂದ್ರಗುಪ್ತನಿಗಿಂತ ಶತಮಾನಗಳಷ್ಟು ಹಿಂದಕ್ಕೆ ಸರಿಯಿತು. ಮೌರ್ಯರು ಹುಟ್ಟುವ ಮೊದಲೇ ಎದ್ದ ಕಲ್ಲುಗಳು ಮೌರ್ಯರ ಮನೆಯಾಗುವುದು ಹೇಗೆ?

ಇಷ್ಟಕ್ಕೇ ಹೆಸರನ್ನು ‘ಅಜ್ಜಿಕಥೆ’ ಎಂದು ಎಸೆಯುವವರಿದ್ದಾರೆ. ಅವರ ಮಾತನ್ನೂ ನಾನು ಒಪ್ಪಲಾರೆ. ಮೌರ್ಯ ಎಂಬ ಪದ ಹಳ್ಳಿಗನ ನಾಲಿಗೆಗೆ ಎಲ್ಲಿಂದ ಬಂತೆಂದು ಕೇಳಬೇಡವೇ? ದಾರಿಗಳು ಒಂದೆರಡಲ್ಲ. ನಮ್ಮ ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲೇ ಚಂದ್ರಗುಪ್ತನು ಭದ್ರಬಾಹುವಿನೊಡನೆ ಬಂದು ದೇಹತ್ಯಾಗ ಮಾಡಿದನೆಂಬ ಪರಂಪರೆ ಬಾಳಿಕೊಂಡು ಬಂದಿದೆ. ಚಿಕ್ಕಬೆಟ್ಟಕ್ಕೆ ಚಂದ್ರಗಿರಿ ಎಂಬ ಹೆಸರಿರುವುದೇ ಅದರಿಂದ. ಚಾಳುಕ್ಯರ ಕಾಲಕ್ಕೆ ಕೊಂಕಣದಲ್ಲಿ ಮೌರ್ಯರೆಂಬ ಅರಸರೂ ಇದ್ದರು. ಇಮ್ಮಡಿ ಪುಲಕೇಶಿ ಅವರನ್ನು ಗೆದ್ದುದನ್ನು 634ರ ಐಹೊಳೆ ಶಾಸನ ಹೇಳುತ್ತದೆ. ಬಸದಿಯ ಉಪದೇಶದಿಂದಲೋ ದಂಡಿನ ಸುದ್ದಿಯಿಂದಲೋ ಒಂದು ಹೆಸರು ಊರಿಂದೂರಿಗೆ ನಡೆದು ಬಂದು, ಒಡೆಯರಿಲ್ಲದ ಮನೆಯಲ್ಲಿ ಬಿಡಾರ ಮಾಡಿರಬಹುದು.

ಪಾಂಡವರ ವಿಷಯವೂ ಹೀಗೆಯೇ. ಕೊಡಗಿನ ಶಿಲಾಸಮಾಧಿಗಳಿಗೆ ‘ಪಾಂಡು ಪಾರೆ’ ಎಂಬ ಹೆಸರನ್ನು ಹತ್ತೊಂಬತ್ತನೆಯ ಶತಮಾನದ ವರದಿಗಳು ದಾಖಲಿಸಿವೆ. ಭೀಮ, ಕುಂತಿಯರ ಹೆಸರಿನ ಬಂಡೆ ಬೆಟ್ಟಗಳಿಲ್ಲದ ಸೀಮೆ ಕನ್ನಡ ನಾಡಿನಲ್ಲಿ ಯಾವುದು? ಇವು ಕಲ್ಲಿನ ಹುಟ್ಟನ್ನು ಹೇಳುವುದಿಲ್ಲ. ಆದರೆ ಪಂಪನಿಂದ ಕುಮಾರವ್ಯಾಸನವರೆಗೆ ಕನ್ನಡದಲ್ಲಿ ಮತ್ತೆ ಮತ್ತೆ ಹುಟ್ಟಿದ ಭಾರತಕಥೆ, ಗಮಕಿಗಳ ಕೊರಳಿನಲ್ಲಿಯೂ ಆಟದ ಮೇಳಗಳಲ್ಲಿಯೂ ಯಾವ ಬಯಲಿನ ತನಕ ಮುಟ್ಟಿತೆಂಬುದಕ್ಕೆ ಇವು ಸಾಕ್ಷಿ. ಪುರಾತತ್ತ್ವದ ಪುಸ್ತಕದಲ್ಲಿ ನಿರುಪಯುಕ್ತವೆಂದು ಬಿಟ್ಟ ಈ ಹೆಸರುಗಳು ನಮ್ಮ ಕಾವ್ಯದ ಚರಿತ್ರೆಯೊಳಗೆ ಬರಬೇಕಾದವು. ಯಾವ ಸಾಹಿತ್ಯಚರಿತ್ರೆಯಲ್ಲಿ ಇಂಥ ಒಂದು ಅಧ್ಯಾಯವಿದೆ?

ಇನ್ನೊಂದು ಹೊಸ ಬಗೆಯ ಓದಿದೆ. ಹೊಸನಗರ ತಾಲ್ಲೂಕಿನ ನಿಲಸ್ಕಲ್ಲು, ಬೈಸೆಗಳಲ್ಲಿ ಬಯಲಿನ ನಡುವೆ ದೊಡ್ಡ ಚಪ್ಪಡಿಗಳು ಗುಂಪುಗುಂಪಾಗಿ ನೆಟ್ಟಗೆ ನಿಂತಿವೆ. ಇವುಗಳಲ್ಲಿ ಕೆಲವು ಜೋಡಿಗಳ ನಡುವಿನ ಗೆರೆ ಉತ್ತರಾಯಣ ದಕ್ಷಿಣಾಯನಗಳ ತಿರುವಿನಲ್ಲಿ ಸೂರ್ಯ ಹುಟ್ಟುವ, ಮುಳುಗುವ ದಿಕ್ಕಿಗೆ ಸರಿಹೊಂದುತ್ತದೆಂದು ಈ ಶತಮಾನದಲ್ಲಿ ಅಳೆದು ನೋಡಿದವರು ಬರೆದಿದ್ದಾರೆ. ಇದು ಮೋರ್ಯರ ಕಥೆಗಿಂತ ಮೇಲಾದ ಓದು, ಏಕೆಂದರೆ ಪರೀಕ್ಷೆಗೆ ಒಡ್ಡಿಕೊಳ್ಳುತ್ತದೆ. ಆದರೂ ಒಂದು ಮಾತು. ಇಪ್ಪತ್ತು ಕಲ್ಲುಗಳಿದ್ದಲ್ಲಿ ಜೋಡಿಗಳು ನೂರತೊಂಬತ್ತು. ಅಷ್ಟು ಗೆರೆಗಳಲ್ಲಿ ಕೆಲವು ಸೂರ್ಯನ ಕಡೆಗೆ ತಿರುಗಿದ್ದರೆ ಅಚ್ಚರಿಯಿಲ್ಲ. ಹೊಂದಿದ ಗೆರೆಗಳ ಜೊತೆಗೆ ಹೊಂದದ ಗೆರೆಗಳನ್ನೂ ಎಣಿಸಿ ಮುಂದಿಟ್ಟಾಗಲೇ ಓದುಗನಿಗೆ ನ್ಯಾಯ. ಪತ್ರಿಕೆಗಳ ತಲೆಬರಹಗಳಲ್ಲಿ ಆ ಸಂಯಮ ಕಾಣುವುದಿಲ್ಲ. ಅಲ್ಲಿ ಕಲ್ಲುಗಳು ಒಂದೇ ರಾತ್ರಿಯಲ್ಲಿ ‘ವೀಕ್ಷಣಾಲಯ’ವಾಗುತ್ತವೆ.

ಇನ್ನು ನಮ್ಮ ಕರುವುಗಲ್ಲು. ರೈಸ್ ಅವರ ಮೈಸೂರು ಗೆಜೆಟಿಯರಿನಲ್ಲಿಯೂ ಊರಬಾಗಿಲಿನ ಈ ಕಲ್ಲಿನ ಪ್ರಸ್ತಾಪವಿದೆ. ದನಕರುಗಳಿಗೆ ರೋಗ ತಗಲಿದಾಗ ಇದಕ್ಕೆ ಪೂಜೆ ನಡೆಯುವುದರಿಂದ ‘ಕರುವಿನ ಕಲ್ಲು’ ಎಂದು ಅರ್ಥ ಹೇಳುವುದು ವಾಡಿಕೆ. ಆದರೆ ಹಳಗನ್ನಡದಲ್ಲಿ ಹಸುವಿನ ಮರಿ ‘ಕಱು’, ಶಕಟರೇಫದಿಂದ ಬರೆಯುವುದು. ಸಾಮಾನ್ಯ ರೇಫದ ‘ಕರು’, ‘ಕರುವು’ ಎಂದರೆ ಅಚ್ಚು, ಎರಕದ ಮಾದರಿ. ಮಾತಿನಿಂದ ಱಕಾರ ಅಳಿದ ಮೇಲೆ ಎರಡೂ ಕಿವಿಗೆ ಒಂದೇ ಆದವು. ಊರನ್ನು ಎರಕಹೊಯ್ದ ಅಚ್ಚು ಎಂಬುದು ಮೊದಲ ಅರ್ಥವಾಗಿದ್ದು, ಅದು ಮರೆತ ಮೇಲೆ ಕರುವಿನ ನೆಪದಿಂದ ದನಗಳು ಅಲ್ಲಿಗೆ ಬಂದಿರಲಾರವೇ? ಱ-ರಗಳ ಭೇದವಿದ್ದ ಕಾಲದ ಯಾವುದಾದರೂ ಶಾಸನದಲ್ಲಿ ಈ ಪದ ಸಿಕ್ಕರೆ ಒಂದೇ ಅಕ್ಷರ ಈ ವಾದವನ್ನು ತೀರಿಸುತ್ತದೆ. ಅಲ್ಲಿಯವರೆಗೆ ‘ಕರುವಿನ ಕಲ್ಲು’ ಎಂದು ನಿಶ್ಚಯವಾಗಿ ಬರೆಯುವವರು ಆಚರಣೆಯನ್ನು ವ್ಯುತ್ಪತ್ತಿಯೆಂದು ಭಾವಿಸುತ್ತಿದ್ದಾರೆ.

ಇದು ಪಂಡಿತರ ಕೂದಲು ಸೀಳುವಿಕೆ ಎನ್ನಬೇಡಿ. ರಸ್ತೆ ಅಗಲವಾಗುವಾಗ ಅಕ್ಷರವಿರುವ ಕಲ್ಲು ಸಿಕ್ಕರೆ ಇಲಾಖೆಗೆ ಸುದ್ದಿ ಮುಟ್ಟುತ್ತದೆ. ಅಕ್ಷರವಿಲ್ಲದ್ದು ಚರಂಡಿಯ ಪಕ್ಕಕ್ಕೆ ಉರುಳುತ್ತದೆ. ಉರುಳದೆ ಉಳಿದದ್ದಕ್ಕೆ ಇನ್ನೊಂದು ಬಗೆಯ ಆಪತ್ತು. ಸುತ್ತ ಗಾರೆಯ ಕಟ್ಟೆ, ಮೇಲೆ ಬೆಳ್ಳಿಯ ಕಣ್ಣು, ಪಕ್ಕದಲ್ಲಿ ಹೊಸ ದೇವರ ಹೆಸರಿನ ಫಲಕ. ಭಕ್ತಿಯ ಬಗ್ಗೆ ನನಗೆ ತಕರಾರಿಲ್ಲ. ಆದರೆ ಹಳೆಯ ಹೆಸರು ಫಲಕದ ಹಿಂದೆ ಹೋದರೆ, ಆ ಕಲ್ಲಿಗೆ ಇದ್ದ ಒಂದೇ ಒಂದು ಬರಹವೂ ಅಳಿಸಿಹೋಗುತ್ತದೆ. ಮೈಸೂರು ಸೀಮೆಯ ಶಾಸನಗಳಿಗೆ ಎಪಿಗ್ರಾಫಿಯ ಕರ್ನಾಟಿಕದ ಸಂಪುಟಗಳಿವೆ. ಹಾಸನ ಜಿಲ್ಲೆಯದು 1902ರಲ್ಲೇ ಬಂತು. ಕರುವುಗಲ್ಲುಗಳಿಗೆ ಅಂಥ ಒಂದು ಪಟ್ಟಿಯೂ ಬೇಕು. ಊರು, ಕಲ್ಲಿನ ಎತ್ತರ, ಮುಖ ಮಾಡಿದ ದಿಕ್ಕು, ವರ್ಷದಲ್ಲಿ ಯಾವ ದಿನ ಪೂಜೆ, ಊರಿನ ಹಿರಿಯರು ಅದನ್ನು ಕರೆಯುವ ಹೆಸರು, ಕರು, ಕರುವು, ಕರ ಎಂಬ ಉಚ್ಚಾರವೂ ತಿದ್ದದೆ ಇದ್ದ ಹಾಗೆಯೇ. ಕನ್ನಡ ಎಂ. ಎ. ತರಗತಿಯ ವಿದ್ಯಾರ್ಥಿಗಳು ರಜೆಯಲ್ಲಿ ತಮ್ಮ ಊರಿಗೆ ಹೋದಾಗ ಒಂದು ಸಂಜೆಯಲ್ಲಿ ಮಾಡಿ ಮುಗಿಸಬಹುದಾದ ಕೆಲಸ ಇದು.