ಬೋಲ್ಟಿನಾಚೆಯ ಮರ

ಈ ವಾರ ತುಮಕೂರಿನ ತೊಟ್ಟಿಮನೆಗಳ ಬೋದಿಗೆಗಳನ್ನು ಕುರಿತು ಬರೆಯುವೆನೆಂದು ಮಾತು ಕೊಟ್ಟಿದ್ದೆ. ಆದರೆ ಕುಣಿಗಲ್ಲಿನ ಬಂಧುಗಳೊಬ್ಬರ ಮನೆಯಲ್ಲಿ, ಹೆಂಚಿನ ಮಾಡನ್ನು ಬಿಗಿದು ಹಿಡಿಯಬೇಕಾದ ಹಲಸಿನ ಅಡ್ಡತೊಲೆ ಬೋಲ್ಟಿನ ತೂತಿನಿಂದ ತುದಿಯವರೆಗೂ ಎಳೆಗುಂಟ ಸೀಳಿ ನಿಂತಿರುವುದನ್ನು ಕಂಡು ಬಂದ ಮೇಲೆ, ಬೋದಿಗೆಯ ಅಲಂಕಾರಕ್ಕೆ ಮನಸ್ಸು ಹೋಗಲೊಲ್ಲದು.

ಅಲ್ಲಿ ಮೊದಲಿದ್ದ ಅರ್ಧ ಅಂಗುಲದ ಬೋಲ್ಟನ್ನು ತೆಗೆದು, ಭದ್ರವಾಗಲೆಂದು, ಅದೇ ತೂತನ್ನು ಹಿಗ್ಗಿಸಿ ಒಂದು ಅಂಗುಲದ್ದನ್ನು ತೊಡಿಸಿದ್ದರು. ದಪ್ಪವೇ ದಾರ್ಢ್ಯವೆಂಬ ಈ ಪಂಥದೊಡನೆ ನನ್ನ ವಿವಾದ ಹಳೆಯದು. ಜಗ್ಗುವ ತೊಲೆಯಲ್ಲಿ ಬೋಲ್ಟಿನ ನಡುವಿನಿಂದ ತುದಿಯವರೆಗೆ, ಮೃದುಜಾತಿಯ ಮರವಾದರೆ ವ್ಯಾಸದ 7 ಪಟ್ಟು, ಹಲಸು ಹೊನ್ನೆಗಳಂಥ ಗಡಸುಜಾತಿಯಾದರೆ 5 ಪಟ್ಟು ಮರ ಉಳಿದಿರಬೇಕೆಂಬುದು ರೂಢಿಯ ನಿಯಮ. ಅಲ್ಲಿದ್ದುದು 4 ಅಂಗುಲ; ಹಳೆಯ ಬೋಲ್ಟಿಗೆ ಎರಡೂವರೆ ಸಾಕಾಗಿತ್ತು, ಹೊಸದಕ್ಕೆ ಐದು ಬೇಕಿತ್ತು.

ಈ ಪ್ರಸಂಗ ಬಂದಾಗಲೆಲ್ಲ ನಾನು ತೆರೆಯುವುದು 1932ರಲ್ಲಿ ಅಮೆರಿಕದ ಕೃಷಿ ಇಲಾಖೆ ಪ್ರಕಟಿಸಿದ ಮರದ ಮೇಲೆ ಬೋಲ್ಟಿನ ಒತ್ತಡವನ್ನು ಕುರಿತ ಟ್ರೇಯರನ ಪ್ರಬಂಧವನ್ನು. ಬೋಲ್ಟು ತನ್ನುದ್ದಕ್ಕೂ ಮರವನ್ನು ಸಮನಾಗಿ ಒತ್ತುವುದಿಲ್ಲವೆಂದೂ, ವ್ಯಾಸಕ್ಕೆ ಹೋಲಿಸಿದರೆ ಉದ್ದ ಹೆಚ್ಚಿದಂತೆಲ್ಲ ಅದು ಒಳಗೇ ಬಾಗಿ ಅಂಚಿನ ಮರವನ್ನು ಜಜ್ಜುವುದೆಂದೂ ಆತ ಪರೀಕ್ಷೆಗಳಿಂದ ತೋರಿಸಿದ. ಹಾಗಾದರೆ ಬಾಗದ ದಪ್ಪ ಬೋಲ್ಟೇ ಮೇಲಲ್ಲವೆ ಎಂದು ಪ್ರತಿಪಕ್ಷದವರು ಕೇಳುತ್ತಾರೆ. ಆದರೆ ಬಾಗುವ ಬೋಲ್ಟು ಸಂಧಿಯನ್ನು ಮೆಲ್ಲನೆ ಸಡಿಲಿಸಿ ಮನೆಯವರನ್ನು ಎಚ್ಚರಿಸುತ್ತದೆ. ಬಾಗದ್ದು, ತುದಿಯಲ್ಲಿ ಮರ ಸಾಲದಿದ್ದರೆ, ಒಂದು ರಾತ್ರಿ ಸದ್ದಿನೊಡನೆ ಸೀಳಿಬಿಡುತ್ತದೆ.

ಬೋಲ್ಟಿನಲ್ಲಿ ನಾನು ಮೆಚ್ಚುವುದು ಅದನ್ನು ಬಿಚ್ಚಬಹುದೆಂಬುದನ್ನು. 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿ, ಗುಬ್ಬಿ ವೀರಣ್ಣನವರ ಕಾಲಕ್ಕೆ ‘ಕುರುಕ್ಷೇತ್ರ’ದಲ್ಲಿ ಜೀವಂತ ಆನೆ ಕುದುರೆಗಳನ್ನೇ ರಂಗಕ್ಕೆ ತಂದ ನಾಟಕ ಕಂಪನಿಯ ಹಾಗೆ, ಊರಿಂದೂರಿಗೆ ಕ್ಯಾಂಪು ಹೂಡುವವರ ಅಟ್ಟಕ್ಕೆ ಇದಕ್ಕಿಂತ ಒಗ್ಗುವ ಬಂಧ ಯಾವುದಿದೆ? ಆದರೆ ಬಿಚ್ಚಿ ಕಟ್ಟಿದಷ್ಟೂ ತೂತು ಸವೆಯುತ್ತದೆ, ಬೇಸಗೆಯಲ್ಲಿ ಮರ ಒಣಗಿ ಕುಗ್ಗಿದರೆ ನಟ್ಟು ಸಡಿಲುತ್ತದೆ; ಅಗಲವಾದ ವಾಷರನ್ನಿಟ್ಟು ವರ್ಷಕ್ಕೊಮ್ಮೆಯಾದರೂ ಬಿಗಿಯದವನು ಬೋಲ್ಟನ್ನು ದೂಷಿಸಲಾಗದು.

ಕುಣಿಗಲ್ಲಿನ ತೊಲೆಗೆ ಮೊದಲು ಕೆಳಗಿನಿಂದ ಆನಿಕೆ ಕೊಟ್ಟು, ಸೀಳಿದ ಭಾಗವನ್ನು ಕೊಯ್ದು, ಎರಡು ಮಗ್ಗುಲಿಗೂ ಹೊನ್ನೆಯ ಹಲಗೆಯಿಟ್ಟು, ಒಂದೇ ಎಳೆಯ ಮೇಲೆ ಬೀಳದಂತೆ ಅರ್ಧ ಅಂಗುಲದ ಬೋಲ್ಟುಗಳನ್ನು ಹಾಕಬೇಕೆಂದು ಬಡಗಿಗೆ ಹೇಳಿ ಬಂದಿದ್ದೇನೆ. ಭಾನುವಾರ ಬೈರಿಗೆ ಹಿಡಿಯುವಾಗ ನಾನೂ ಅಲ್ಲಿರುವೆನು.