ಕಾಫಿ ರುಚಿ ಪರೀಕ್ಷಕರ ತೀರ್ಪು

ದಿನಕ್ಕೆ ನಾಲ್ಕು ಲೋಟ ಕಾಫಿ ಕುಡಿದ ಮಾತ್ರಕ್ಕೆ ಯಾರೂ ಕಾಫಿಯ ರುಚಿ ಬಲ್ಲವರಾಗುವುದಿಲ್ಲ. ಕುಡಿಯುವವರಿಗೆ ಹಿಡಿಸಿತೇ ಇಲ್ಲವೇ ಎಂಬುದಷ್ಟೇ ಮುಖ್ಯ. ಪರೀಕ್ಷಕರು ಉತ್ತರಿಸಬೇಕಾದ ಪ್ರಶ್ನೆಗಳು ಬೇರೆ: ಬಟ್ಟಲಿನಲ್ಲಿ ಯಾವ ಗುಣ, ಯಾವ ದೋಷ ಇದೆ? ಅದು ಎಲ್ಲಿಂದ ಬಂತು? ಆ ಬಗೆಯ ಕಾಫಿಗೆ ಅದು ಸಲ್ಲುತ್ತದೆಯೇ? ಅದೇ ಬೀಜವನ್ನು ಮರುದಿನ ಹೆಸರು ಹೇಳದೆ ಮುಂದಿಟ್ಟರೂ ಉತ್ತರ ಹೆಚ್ಚುಕಡಿಮೆ ಅದೇ ಆಗಿರಬೇಕು.

ಈ ಪರೀಕ್ಷೆಗೆ ಕಪ್ಪಿಂಗ್ ಎನ್ನುತ್ತಾರೆ. ಹದವಾಗಿ ಹುರಿದ ಬೀಜವನ್ನು ತರಿಯಾಗಿ ಪುಡಿ ಮಾಡಿ, 150 ಮಿಲಿಲೀಟರ್ ನೀರಿಗೆ 8.25 ಗ್ರಾಂ ಲೆಕ್ಕದಲ್ಲಿ ಬಟ್ಟಲಿಗೆ ಹಾಕಿ, ಮೊದಲು ಒಣ ಪುಡಿಯ ಘಮ ನೋಡುತ್ತಾರೆ. ಬಳಿಕ ಸುಮಾರು 93 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರು ಸುರಿಯುತ್ತಾರೆ. ಪುಡಿ ಮೇಲೆದ್ದು ಪದರಗಟ್ಟುತ್ತದೆ. ನಾಲ್ಕು ನಿಮಿಷದ ನಂತರ ಚಮಚದಿಂದ ಆ ಪದರ ಒಡೆದು, ಆವಿಯ ಜೊತೆ ಬರುವ ವಾಸನೆ ಗ್ರಹಿಸುತ್ತಾರೆ. ಸ್ವಲ್ಪ ಆರಿದ ಮೇಲೆ ಚಮಚದಿಂದ ಸದ್ದು ಬರುವಂತೆ ಹೀರುತ್ತಾರೆ. ಹಾಗೆ ಹೀರಿದರೆ ಹನಿಗಳು ನಾಲಿಗೆಯ ಮೇಲೆಲ್ಲ ಚೆದುರುತ್ತವೆ, ಘಮ ಗಂಟಲ ಹಿಂದಿನಿಂದ ಮೂಗಿಗೇರುತ್ತದೆ. ರುಚಿ ಎಂದು ಕರೆಯುವುದರಲ್ಲಿ ದೊಡ್ಡ ಪಾಲು ಮೂಗಿನದೇ. ಹತ್ತಾರು ಮಾದರಿ ನೋಡಬೇಕಾದ್ದರಿಂದ ಹೀರಿದ್ದನ್ನು ಉಗುಳುವುದು ರೂಢಿ.

ಒಂದೇ ಮಾದರಿಯನ್ನು ಐದು ಬಟ್ಟಲುಗಳಲ್ಲಿ ಇಡುತ್ತಾರೆ. ಒಂದು ಕೆಟ್ಟ ಬೀಜ ಒಂದು ಬಟ್ಟಲನ್ನು ಕೆಡಿಸಬಲ್ಲದು. ಐದೂ ಒಂದೇ ಬಗೆಯಾಗಿದ್ದರೆ ಮಾತ್ರ ಆ ಬೀಜ ನಂಬಿಕೆಗೆ ಅರ್ಹ. ಬಿಸಿಯಲ್ಲಿ ಒಮ್ಮೆ, ಉಗುರುಬೆಚ್ಚಗಾದಾಗ ಮತ್ತೊಮ್ಮೆ, ಆರಿದ ಮೇಲೆ ಇನ್ನೊಮ್ಮೆ ನೋಡಬೇಕು. ಬಿಸಿಯಲ್ಲಿ ಮರೆಯಾಗುವ ಸಿಹಿಯೂ ದೋಷವೂ ಆರಿದಾಗ ಎದ್ದು ಕಾಣುತ್ತವೆ. ಘಮ, ಹುಳಿ, ಬಾಯಲ್ಲಿ ಅನಿಸುವ ತೂಕ, ಕೊನೆಗೆ ಉಳಿಯುವ ರುಚಿ, ಇವಕ್ಕೂ ಇವೆಲ್ಲದರ ಸಮತೋಲಕ್ಕೂ ಬೇರೆಬೇರೆ ಅಂಕಗಳಿವೆ. ದೀರ್ಘಕಾಲ ಬಳಕೆಯಲ್ಲಿರುವ ಅಂತರರಾಷ್ಟ್ರೀಯ ಪದ್ಧತಿಯಲ್ಲಿ 100ಕ್ಕೆ 80 ಅಥವಾ ಹೆಚ್ಚು ಪಡೆದದ್ದು ಸ್ಪೆಷಾಲಿಟಿ ಕಾಫಿ.

ಪರಿಣತಿ ಹೆಚ್ಚು ಪ್ರಯೋಜನಕ್ಕೆ ಬರುವುದು ದೋಷದ ಮೂಲ ಹುಡುಕುವಲ್ಲಿ. ಬಲಿಯದ ಕಾಯಿಯ ಬೀಜ ಹುರಿದ ಮೇಲೂ ಪೇಲವವಾಗಿ ಉಳಿದು, ಒಣಗಿದ ಕಡಲೆಕಾಯಿಯ ರುಚಿ ಕೊಡುತ್ತದೆ, ತಪ್ಪು ಕೊಯ್ಲಿನದು. ಹಣ್ಣಿನ ಸಿಪ್ಪೆ ಬಿಡಿಸಿದ (ಪಲ್ಪಿಂಗ್) ಬಳಿಕ ತೊಟ್ಟಿಯಲ್ಲಿ ಹದ ಮೀರಿ ಹುದುಗಿದರೆ ಕೊಳೆತ ಹಣ್ಣಿನ ವಾಸನೆ ಬರುತ್ತದೆ. ಕಣದಲ್ಲಿ ಸರಿಯಾಗಿ ಒಣಗದ, ಮತ್ತೆ ತೇವ ಕುಡಿದ ಬೀಜ ಮುಗ್ಗಲು ಹಿಡಿಯುತ್ತದೆ. ಅಯೋಡಿನ್ ನೆನಪಿಸುವ ‘ರಿಯೋ’ ದೋಷಕ್ಕೆ ಟ್ರೈಕ್ಲೋರೋಅನಿಸೋಲ್ ಎಂಬ ರಾಸಾಯನಿಕ ಕಾರಣ. ‘ಚೆನ್ನಾಗಿಲ್ಲ’ ಎಂಬ ಮಾತಿನಿಂದ ಬೆಳೆಗಾರರಿಗೆ ಉಪಯೋಗವಿಲ್ಲ. ತಪ್ಪು ಕೊಯ್ಲಿನದೋ ತೊಟ್ಟಿಯದೋ ಕಣದ್ದೋ ಎಂದು ತಿಳಿದರೆ ಮುಂದಿನ ಫಸಲಿಗೆ ತಿದ್ದಿಕೊಳ್ಳಬಹುದು.

ಎಲ್ಲ ಕಾಫಿಗೂ ಒಂದೇ ಅಳತೆಗೋಲು ಹಿಡಿಯುವುದೂ ತಪ್ಪು. ಹಿತವಾದ ಹುಳಿ ಅರೇಬಿಕಾಗೆ ಭೂಷಣ. ರೋಬಸ್ಟಾದಲ್ಲಿ ಕೆಫೀನ್ ಸುಮಾರು ಇಮ್ಮಡಿ. ಅದರಲ್ಲಿ ನೋಡಬೇಕಾದದ್ದು ಗಟ್ಟಿತನ ಮತ್ತು ಒರಟಾಗದ ಕಹಿ. ಪಶ್ಚಿಮ ಕರಾವಳಿಯಲ್ಲಿ ತಯಾರಾಗುವ ಮಾನ್ಸೂನ್ಡ್ ಮಲಬಾರ್ ಕಾಫಿಯ ಬೀಜವನ್ನು ಮಳೆಗಾಲದ ತೇವದ ಗಾಳಿಗೆ ಒಡ್ಡಿ ಉಬ್ಬಿಸುತ್ತಾರೆ. ಬೀಜ ಹೊಂಬಣ್ಣಕ್ಕೆ ತಿರುಗುತ್ತದೆ, ಹುಳಿ ಇಳಿಯುತ್ತದೆ, ಗಟ್ಟಿತನ ಏರುತ್ತದೆ. ತೊಳೆದ ಅರೇಬಿಕಾದಲ್ಲಿ ಕೊರತೆ ಎನಿಸುವ ಮಂದ ಹುಳಿ ಇಲ್ಲಿ ಆ ಕಾಫಿಯ ಸ್ವಭಾವ. ಚಿಕೋರಿ ಬೆರೆತ ಫಿಲ್ಟರ್ ಕಾಫಿಯನ್ನೂ ಅದರದೇ ನೆಲೆಯಲ್ಲಿ ನೋಡಬೇಕು: ಹಾಲು ಸಕ್ಕರೆಗಳ ನಡುವೆಯೂ ಡಿಕಾಕ್ಷನ್ ಮುಳುಗದೆ ನಿಲ್ಲುತ್ತದೆಯೇ ಎಂಬುದು ಅಲ್ಲಿನ ಪ್ರಶ್ನೆ. ಆದರೆ ಹಾಲು ಸಕ್ಕರೆ ಚಿಕೋರಿಗಳು ಬೀಜದ ದೋಷವನ್ನು ಮುಚ್ಚುವುದರಿಂದ ಕಪ್ಪಿಂಗ್ ಮೇಜಿನಲ್ಲಿ ಅವಕ್ಕೆ ಜಾಗವಿಲ್ಲ.

ಭಾರತದಲ್ಲಿ ಈ ವಿದ್ಯೆಗೆ ಬೆಲೆ ಬಂದುದರ ಹಿಂದೆ ಮಾರುಕಟ್ಟೆಯೂ ಇದೆ. ಕಾಫಿ ಬೋರ್ಡ್ ಎಲ್ಲರ ಬೀಜವನ್ನೂ ಪೂಲ್‌ಗೆ ಸೇರಿಸಿ ಮಾರುತ್ತಿದ್ದ ಕಾಲದಲ್ಲಿ ಒಂದು ತೋಟದ ವಿಶೇಷ ರುಚಿ ರಾಶಿಯಲ್ಲಿ ಕರಗಿಹೋಗುತ್ತಿತ್ತು. 1990ರ ದಶಕದಲ್ಲಿ ಆ ವ್ಯವಸ್ಥೆ ಕೊನೆಗೊಂಡಿತು. ಚಿಕ್ಕಮಗಳೂರು, ಕೊಡಗು, ಸಕಲೇಶಪುರದ ಬೆಳೆಗಾರರು ತಮ್ಮ ತೋಟದ ಹೆಸರಿನಲ್ಲೇ ಮಾರುವಂತಾದರು. ಬೋರ್ಡ್‌ನಲ್ಲಿ ಗುಣಮಟ್ಟದ ಹೊಣೆ ಹೊತ್ತಿದ್ದ ಸುನಾಲಿನಿ ಮೆನನ್ ಬೆಂಗಳೂರಿನಲ್ಲಿ ಕಾಫಿಲ್ಯಾಬ್ ಸ್ಥಾಪಿಸಿದ್ದೂ ಅದೇ ದಶಕದಲ್ಲಿ.

ಪರಿಣತರ ಇಂದ್ರಿಯಗಳೂ ಮೋಸ ಹೋಗುತ್ತವೆ. 2001ರಲ್ಲಿ ಪ್ರಕಟವಾದ ಫ್ರಾನ್ಸಿನ ಒಂದು ಪ್ರಯೋಗದಲ್ಲಿ ಬಿಳಿ ವೈನ್‌ಗೆ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿ ಕೊಟ್ಟಾಗ, ವೈನ್ ಶಾಸ್ತ್ರದ 54 ವಿದ್ಯಾರ್ಥಿಗಳ ತಂಡ ಅದರ ಪರಿಮಳವನ್ನು ಕೆಂಪು ವೈನ್‌ಗೆ ಬಳಸುವ ಮಾತುಗಳಲ್ಲೇ ಬಣ್ಣಿಸಿತು. ಅದಕ್ಕೇ ಕಾಫಿ ಪರೀಕ್ಷೆಯಲ್ಲಿ ಮಾದರಿಗಳಿಗೆ ಹೆಸರಿನ ಬದಲು ಸಂಕೇತ ಇರುತ್ತದೆ. ಪರೀಕ್ಷಕರ ತರಬೇತಿಯಲ್ಲಿ ಮೂರು ಬಟ್ಟಲಿಟ್ಟು, ಅವುಗಳಲ್ಲಿ ಬೇರೆಯಾದ ಒಂದನ್ನು ಗುರುತಿಸಲು ಹೇಳುತ್ತಾರೆ. ಬಣ್ಣ ಸುಳಿವು ಕೊಡದಿರಲೆಂದು ಕೆಂಪು ದೀಪ ಹಾಕುವುದೂ ಉಂಟು. ಊಹೆಯಿಂದ ಸರಿ ಉತ್ತರ ಸಿಗುವ ಸಾಧ್ಯತೆ ಮೂರರಲ್ಲಿ ಒಂದು ಮಾತ್ರ. ಹಲವು ಸುತ್ತು ನಡೆದಾಗ ಊಹೆಗೂ ತಿಳಿವಿಗೂ ಇರುವ ಅಂತರ ಬಯಲಾಗುತ್ತದೆ. ತಂಡದಲ್ಲಿ ಕೆಲಸ ಮಾಡುವವರು ಮೊದಲು ಒಂದೇ ಮಾದರಿಗೆ ಪ್ರತ್ಯೇಕವಾಗಿ ಅಂಕ ಕೊಟ್ಟು ಹೋಲಿಸಿಕೊಳ್ಳುತ್ತಾರೆ. ಅಂತರ ದೊಡ್ಡದಿದ್ದರೆ ಕಾರಣ ಚರ್ಚಿಸಿ, ಅಳತೆ ಹೊಂದಿಸಿಕೊಂಡ ಬಳಿಕವೇ ನಿಜವಾದ ಪರೀಕ್ಷೆಗೆ ಕೂರುತ್ತಾರೆ.